ಹೊಳೆ ಏರಿದ್ದನ್ನು ಕಂಡವರು ಯಾರು?

ಆಗಸ್ಟ್ ಮಳೆಯಲ್ಲಿ ಕೊಡಗಿನ ಸಿದ್ದಾಪುರದ ಬಳಿಯ ಕರಡಿಗೋಡಿನ ಹೊಳೆದಡದ ಮನೆಯವರು ಸುದ್ದಿ ಓದುವುದು ಒಂದು ತೀರ್ಮಾನಕ್ಕೆ ಬರಲಿಕ್ಕೆ. ರಾತ್ರಿ ಮನೆಯಲ್ಲೇ ಮಲಗುವುದೋ, ಮಕ್ಕಳನ್ನೂ ದಾಖಲೆಗಳ ಚೀಲವನ್ನೂ ಎತ್ತಿಕೊಂಡು ಪರಿಹಾರ ಕೇಂದ್ರಕ್ಕೆ ಹೋಗುವುದೋ? ಮಾಲ್ದಾರೆ ಕಡೆಯ ತೋಟ ಕಾರ್ಮಿಕರ ಲೈನ್‌ಮನೆಯ ಹೆಣ್ಣುಮಗಳಿಗೆ ಕೆಲಸಕ್ಕೆ ಹೊರಡುವ ಮುನ್ನ ತಿಳಿಯಬೇಕಾದದ್ದು ಕಾಡಾನೆ ರಸ್ತೆಯ ಯಾವ ಬದಿಯ ತೋಟದಲ್ಲಿದೆ ಎಂಬುದು. ಐದು ಎಕರೆ ರೊಬಸ್ಟಾ ಕಾಫಿ ಇರುವ ಬೆಳೆಗಾರನಿಗೆ ಇವತ್ತೇ ಚೀಲ ಮಾರುವುದೋ, ಇನ್ನೊಂದು ವಾರ ಕಾಯುವುದೋ ಎನ್ನುವುದಕ್ಕೆ ಒಂದು ಆಧಾರ ಬೇಕು. ಸಿದ್ದಾಪುರದಲ್ಲಿ ಸುದ್ದಿ ಓದಿದವರು ಅದನ್ನು ನಂಬಿ ಅಂದೇ ಹೆಜ್ಜೆ ಇಡುತ್ತಾರೆ.

ಪತ್ರಕರ್ತರಾಗಬೇಕೆಂದು ಹೊರಟ ಹುಡುಗ ಹುಡುಗಿಯರಿಗೆ ಈ ಊರೇ ಒಳ್ಳೆಯ ಪಾಠಶಾಲೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಇಲ್ಲಿ ತಪ್ಪು ಗಂಟೆ, ತಪ್ಪು ಊರು, ತಪ್ಪು ದರ ಬರೆದರೆ ನಷ್ಟವಾಗುವುದು ಮರುದಿನ ಬಸ್ ನಿಲ್ದಾಣದಲ್ಲಿ ನಮಗೆ ಎದುರಾಗುವವರಿಗೇ. ದೊಡ್ಡ ಭಾಷೆ, ದೊಡ್ಡ ಕ್ಯಾಮೆರಾ, ದೊಡ್ಡ ಪರಿಚಯಗಳೆಲ್ಲ ಆಮೇಲೆ ಬರಲಿ. ಯಾರು ಕಂಡರು, ಎಷ್ಟು ಹೊತ್ತಿಗೆ ಕಂಡರು, ನಮಗೆ ಹೇಗೆ ಗೊತ್ತಾಯಿತು ಎಂದು ಬಿಡದೆ ಕೇಳುವ ಅಭ್ಯಾಸ ಮೊದಲು ಬರಬೇಕು. ಮುದ್ರಣಕ್ಕೆ ಬರೆಯಲಿ, ಮೊಬೈಲ್ ಪರದೆಗೆ ಬರೆಯಲಿ, ಕಸುಬಿನ ಬುಡ ಇದೇ.

ವಿರಾಜಪೇಟೆ ತಾಲ್ಲೂಕಿನ ಈ ಪೇಟೆಯ ಸುತ್ತ ಕಾಫಿ ತೋಟಗಳು. ಕಂಪನಿ ಎಸ್ಟೇಟುಗಳಿಂದ ಹಿಡಿದು ಎರಡು ಎಕರೆಯ ಹಿಡುವಳಿಯವರೆಗೆ. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಮಾಲ್ದಾರೆಯ ಕಾಡು. ಸಂತೆಯ ದಿನ ಪೇಟೆಯಲ್ಲಿ ನಿಂತರೆ ಕನ್ನಡ, ಮಲಯಾಳಂ, ಕೊಡವ ತಕ್ಕ್, ತಮಿಳು, ತುಳು, ಯರವರ ಮಾತು, ಈಚೆಗೆ ಅಸ್ಸಾಮಿ, ಬಂಗಾಳಿ, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಪತ್ರಿಕೋದ್ಯಮಕ್ಕೂ ಈ ಸೀಮೆಗೂ ಹಳೆಯ ನಂಟಿದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್, 1850ರ ದಶಕದಲ್ಲಿ ಕೊಡಗಿಗೆ ಬಂದು ಅಮ್ಮತ್ತಿ ಬಳಿಯ ಆನಂದಪುರದಲ್ಲಿ ನೆಲೆ ಕಟ್ಟಿದವರು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಪಂದ್ಯಂಡ ಬೆಳ್ಯಪ್ಪ ‘ಕೊಡಗು’ ಪತ್ರಿಕೆ ನಡೆಸಿದರು. ಬಿ.ಎಸ್. ಗೋಪಾಲಕೃಷ್ಣ 1957ರಲ್ಲಿ ಮಡಿಕೇರಿಯಲ್ಲಿ ಆರಂಭಿಸಿದ ‘ಶಕ್ತಿ’ ದೈನಿಕ ಇಂದಿಗೂ ಜಿಲ್ಲೆಯ ಮನೆಮನೆಯ ಪತ್ರಿಕೆ. ಯಾವ ಊರಿನಲ್ಲಿ ಎಷ್ಟು ಇಂಚು ಮಳೆ ಬಿತ್ತೆಂದು ಮಳೆಗಾಲದುದ್ದಕ್ಕೂ ಇಲ್ಲಿನ ಓದುಗರು ಪುಟ ತಿರುವಿ ನೋಡುತ್ತಾರೆ. ಹೊರಗಿನವರಿಗೆ ಸಣ್ಣದೆನಿಸುವ ಆ ನಾಲ್ಕು ಸಾಲಿನ ಪಟ್ಟಿ ನನ್ನ ಮಟ್ಟಿಗೆ ಉತ್ತಮ ಪತ್ರಿಕೋದ್ಯಮ.

ನೀರು ಯಾವ ಕಡೆಯಿಂದ ಬರುತ್ತದೆ

2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಯ ಗುಡ್ಡಗಳು ಜರಿದವು. ಮರುವರ್ಷ ಅದೇ ತಿಂಗಳು ಕಾವೇರಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ, ಕೊಂಡಂಗೇರಿಗಳ ಮನೆಗಳೊಳಗೆ ನುಗ್ಗಿತು. ಅಂಥ ಒಂದು ರಾತ್ರಿ ಫೋನಿಗೆ ಹೀಗೊಂದು ಸಂದೇಶ ಬಂತು ಎಂದುಕೊಳ್ಳಿ: ‘ಹಾರಂಗಿ ಗೇಟ್ ತೆರೆದಿದ್ದಾರೆ, ಸಿದ್ದಾಪುರ ಮುಳುಗುತ್ತದೆ, ಎಲ್ಲರಿಗೂ ಕಳಿಸಿ.’ ಅಧಿಕಾರಿಗೆ ಕರೆ ಮಾಡುವ ಮೊದಲೇ ಇದನ್ನು ಅಳೆಯಲು ಬರುವುದು ಭೂಪಟ ಬಲ್ಲ ವರದಿಗಾರನಿಗೆ. ಕಾವೇರಿ ಭಾಗಮಂಡಲದಿಂದ ಹೊರಟು ನಾಪೋಕ್ಲು, ಬೇತ್ರಿ, ಕೊಂಡಂಗೇರಿ, ಗುಹ್ಯ ಕಳೆದು ಕರಡಿಗೋಡಿಗೆ ಬರುತ್ತದೆ. ಅಲ್ಲಿಂದ ಮುಂದೆ ದುಬಾರೆ, ಕುಶಾಲನಗರ ದಾಟಿದ ಮೇಲೆ ಕೂಡಿಗೆಯಲ್ಲಿ ಹಾರಂಗಿ ಅದಕ್ಕೆ ಸೇರುತ್ತದೆ. ಹಾರಂಗಿಯ ನೀರು ಹೊಳೆ ಹತ್ತಿ ಸಿದ್ದಾಪುರಕ್ಕೆ ಬರಲಾರದು. ಇಲ್ಲಿನವರು ಗಮನಿಸಬೇಕಾದದ್ದು ಭಾಗಮಂಡಲ, ನಾಪೋಕ್ಲು ಕಡೆಯ ಮಳೆಯನ್ನು, ಬೇತ್ರಿ ಸೇತುವೆಯ ಬಳಿಯ ನೀರನ್ನು. ತಮ್ಮ ವ್ಯಾಪ್ತಿಯ ಹೊಳೆ, ತೋಡು, ರಸ್ತೆ, ಸೇತುವೆ, ಪೈಸಾರಿ (ಸರ್ಕಾರಿ ಜಾಗದ) ಕಾಲೊನಿಗಳ ನಕ್ಷೆಯನ್ನು ಕೈಯಿಂದ ಒಮ್ಮೆ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ ಎಂದು ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಆಡಳಿತದ ಗಡಿಯೂ ಆ ನಕ್ಷೆಯಲ್ಲಿರಲಿ. ಹೊಳೆಯ ಈಚೆಯ ಕರಡಿಗೋಡು, ಗುಹ್ಯ ವಿರಾಜಪೇಟೆ ತಾಲ್ಲೂಕು. ಆಚೆಯ ನೆಲ್ಯಹುದಿಕೇರಿ ಮೊದಲು ಸೋಮವಾರಪೇಟೆ ತಾಲ್ಲೂಕಿನಲ್ಲಿತ್ತು, ಈಗ ಕುಶಾಲನಗರ ತಾಲ್ಲೂಕು. ಒಂದೇ ನೆರೆ, ಎರಡು ದಡ, ಇಬ್ಬರು ತಹಶೀಲ್ದಾರರು. ಒಬ್ಬರಿಗೆ ಮಾತ್ರ ಕರೆ ಮಾಡಿ ಬರೆದ ವರದಿಯಲ್ಲಿ ಅರ್ಧ ಜನ ಬಿಟ್ಟುಹೋಗಿರುತ್ತಾರೆ.

ನೀರಿನ ಮಟ್ಟ ಬರೆಯುವಾಗ ‘ಅಪಾಯದ ಮಟ್ಟ ಮೀರಿ ಹರಿಯುತ್ತಿದೆ’ ಎಂಬ ಸಿದ್ಧ ವಾಕ್ಯ ಎಲ್ಲರ ಬೆರಳ ತುದಿಯಲ್ಲಿದೆ. ಅದನ್ನು ಬರೆಯಬೇಕಾದರೆ ಆ ಮಟ್ಟವನ್ನು ಅಳೆದವರು ಯಾರು, ಎಲ್ಲಿ ಅಳೆದರು ಎಂಬುದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಕಂಡದ್ದನ್ನು ಬರೆಯುವುದೇ ಉತ್ತಮ: ಸಂಜೆ ಐದಕ್ಕೆ ಕಡವಿನ ಕೊನೆಯ ಮೆಟ್ಟಿಲು ಕಾಣುತ್ತಿತ್ತು, ಏಳಕ್ಕೆ ಅದು ಮುಳುಗಿ ಮೇಲಿನ ಎರಡೂ ಮುಳುಗಿದ್ದವು, ಮಳೆ ನಿಂತಿಲ್ಲ. ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬ ಒಂದು ಪದ ಇಲ್ಲದ ನೆರೆ ಸುದ್ದಿಯಿಂದ ಯಾರಿಗೂ ಉಪಯೋಗವಿಲ್ಲ.

ಮಳೆಯ ಲೆಕ್ಕಕ್ಕೂ ಕಲಿಕೆ ಬೇಕು. ಇಲ್ಲಿನ ಬೆಳೆಗಾರ ಇಂಚು, ಸೆಂಟ್‌ಗಳಲ್ಲಿ ಮಾತಾಡುತ್ತಾನೆ. ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆಯದು ಮಿಲಿಮೀಟರ್, 25.4 ಮಿ.ಮೀ.ಗೆ ಒಂದು ಇಂಚು. ಇಲಾಖೆ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದ ಮಳೆಯನ್ನು ಭಾರಿ ಎಂದೂ, 115.6 ಮುಟ್ಟಿದರೆ ಅತಿ ಭಾರಿ ಎಂದೂ, 204.4 ದಾಟಿದರೆ ಅತ್ಯಂತ ಭಾರಿ ಎಂದೂ ವಿಂಗಡಿಸುತ್ತದೆ. ಇಂಚಿಗೆ ತಿರುಗಿಸಿದರೆ ಸುಮಾರು ಎರಡೂವರೆ, ನಾಲ್ಕೂವರೆ, ಎಂಟು. ಈ ಮೂರು ಅಂಕಿ ತಲೆಯಲ್ಲಿದ್ದರೆ ಆರೆಂಜ್, ರೆಡ್ ಅಲರ್ಟ್‌ಗಳ ಸುದ್ದಿಯನ್ನು ಓದುಗನ ಅಂಗಳದ ಅಳತೆಯಲ್ಲೇ ಹೇಳಬಹುದು. ಇಲಾಖೆಯ ಮಳೆದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ರಾತ್ರಿ ಸುರಿದ ಮಳೆ ಯಾವ ದಿನದ ಪಟ್ಟಿಗೆ ಸೇರುತ್ತದೆಂದು ತಿಳಿಯದೆ ಎರಡು ವರದಿಗಳನ್ನು ಹೋಲಿಸಲು ಹೋಗಬಾರದು.

ವಿಡಿಯೊ ಬಂದಾಗ ಮೊದಲು ಕಳಿಸಿದವರಿಗೆ ಕರೆ ಮಾಡಿ. ನೀವೇ ತೆಗೆದದ್ದೇ, ಎಲ್ಲಿ ನಿಂತು ತೆಗೆದಿರಿ? ‘ಗ್ರೂಪಿನಲ್ಲಿ ಬಂತು’ ಎಂಬ ಉತ್ತರ ಬಂದರೆ ಅದರ ಹಿಂದಿನವರನ್ನು ಹುಡುಕಿ. ದೃಶ್ಯವನ್ನು ನಿಲ್ಲಿಸಿ ಬೋರ್ಡು, ವಾಹನದ ನಂಬರ್ ಪ್ಲೇಟು, ಸೇತುವೆಯ ಕಟಾಂಜನ, ವಿದ್ಯುತ್ ಕಂಬ ನೋಡಿ. ಒಂದು ಚೌಕಟ್ಟನ್ನು ಚಿತ್ರವಾಗಿ ಉಳಿಸಿ ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಹಳೆಯ ವರ್ಷದ್ದೋ, ಬೇರೆ ರಾಜ್ಯದ್ದೋ ಎಂಬುದು ಎಷ್ಟೋ ಸಲ ಎರಡೇ ನಿಮಿಷದಲ್ಲಿ ಬಯಲಾಗುತ್ತದೆ.

ಕರ್ನಾಟಕದಲ್ಲಿ ಸಿದ್ದಾಪುರ ಒಂದೇ ಇಲ್ಲ. ಉತ್ತರ ಕನ್ನಡದಲ್ಲಿ ತಾಲ್ಲೂಕು ಕೇಂದ್ರವೇ ಒಂದಿದೆ, ಉಡುಪಿ ಜಿಲ್ಲೆಯಲ್ಲಿ ಇನ್ನೊಂದು. ಅಚ್ಚಿನ ಪತ್ರಿಕೆಯ ಕೊಡಗು ಪುಟದಲ್ಲಿ ‘ಸಿದ್ದಾಪುರ:’ ಎಂದಿಷ್ಟೇ ಬರೆದರೆ ಸಾಕಿತ್ತು; ಪುಟವೇ ಜಿಲ್ಲೆಯನ್ನು ಹೇಳುತ್ತಿತ್ತು. ಆನ್‌ಲೈನ್‌ನಲ್ಲಿ ಆ ಪುಟ ಕಳಚಿ ಬೀಳುತ್ತದೆ. ‘ಸಿದ್ದಾಪುರದಲ್ಲಿ ಭೂಕುಸಿತ’ ಎಂಬ ತಲೆಬರಹ ಮಲೆನಾಡಿನ ಇನ್ನೊಂದು ತುದಿಯ ತಾಯಿಯೊಬ್ಬಳನ್ನು ರಾತ್ರಿಯಿಡೀ ಎಚ್ಚರ ಇರಿಸಬಹುದು. ಜಿಲ್ಲೆಯ ಹೆಸರು, ದಿನಾಂಕ, ಗಂಟೆ ಈ ಮೂರೂ ತಲೆಬರಹ ಅಥವಾ ಮೊದಲ ಸಾಲಿನಲ್ಲೇ ಇರಬೇಕು. ಆಗ ಮುಂದಿನ ವರ್ಷ ಯಾರೋ ಅದನ್ನೇ ಹೊಸ ಸುದ್ದಿಯೆಂದು ಹಂಚಿದರೂ ಓದುವವರಿಗೆ ಗೊತ್ತಾಗುತ್ತದೆ.

ನೆರೆಯ ವರದಿ ನೀರು ಇಳಿದಾಗ ಮುಗಿಯುವುದೂ ಇಲ್ಲ. ಫೆಬ್ರವರಿಯಲ್ಲಿ, ಹೊಳೆ ಬಂಡೆ ತೋರಿಸುತ್ತಿರುವಾಗ ಆ ಮನೆಗಳಿಗೆ ಹೋಗಬೇಕು. ಬಾಡಿಗೆ ನೆರವು ಬಂತೇ, ನಿವೇಶನದ ಪಟ್ಟಿಯಲ್ಲಿ ಹೆಸರಿದೆಯೇ, ಹಕ್ಕುಪತ್ರ ಯಾರ ಹೆಸರಿಗೆ ಆಯಿತು, ಬಿಟ್ಟುಹೋದವರು ಯಾಕೆ ಬಿಟ್ಟುಹೋದರು? ಆಗಸ್ಟ್‌ನಲ್ಲಿ ಬರೆದ ಪ್ರತಿ ಸುದ್ದಿಗೂ ಡೈರಿಯಲ್ಲಿ ಫೆಬ್ರವರಿಯ ಒಂದು ದಿನ ಗುರುತು ಹಾಕಿಕೊಳ್ಳುವ ವರದಿಗಾರ ಎರಡು ವರ್ಷದಲ್ಲಿ ಜಿಲ್ಲೆಯಲ್ಲೇ ಹೆಚ್ಚು ತಿಳಿದವನಾಗುತ್ತಾನೆ.

ಆನೆ, ಚೀಲ, ಹೆಸರು

ಕಾಡಾನೆ ದಾಳಿಯ ಸುದ್ದಿ ಇಲ್ಲಿ ಹೊಸತಲ್ಲ, ಆದ್ದರಿಂದಲೇ ಅದು ಸವೆದ ಅಚ್ಚಿನಲ್ಲಿ ಬರುತ್ತದೆ. ಕಾರ್ಮಿಕ ಬಲಿ, ಗ್ರಾಮಸ್ಥರ ಆಕ್ರೋಶ, ಅಧಿಕಾರಿಗಳ ಭೇಟಿ. ಸತ್ತವರಿಗೊಂದು ಹೆಸರು, ವಯಸ್ಸು, ಕೆಲಸ, ಮನೆಯಲ್ಲಿ ಕಾಯುವವರು ಇದ್ದರು. ಆ ಹೊತ್ತಿನಲ್ಲಿ ಅವರು ಅಲ್ಲಿ ಯಾಕೆ ನಡೆಯುತ್ತಿದ್ದರು ಎಂಬುದೇ ಹಲವು ಸಲ ನಿಜವಾದ ಸುದ್ದಿ: ತೋಟದ ದಾರಿಯಲ್ಲಿ ದೀಪವಿಲ್ಲ, ಬಸ್ ಬರುವುದಿಲ್ಲ, ಲೈನ್‌ಮನೆಯಲ್ಲಿ ಶೌಚಾಲಯವಿಲ್ಲ. ಅದನ್ನು ತಿಳಿಯಲು ತೋಟದ ಮೇಸ್ತ್ರಿಯನ್ನೂ ರೈಟರನ್ನೂ ಕೇಳಬೇಕು, ಜತೆಯಲ್ಲಿ ಕೆಲಸ ಮಾಡುವ ಹೆಂಗಸರನ್ನೂ ಕೇಳಬೇಕು. ದಾಳಿ ಮಾಡಿದ್ದು ಇಂಥದೇ ಆನೆ ಎಂದು ಬರೆಯುವ ಮೊದಲು ಅದನ್ನು ಗುರುತಿಸಿದವರು ಯಾರು, ಯಾವ ಗುರುತಿನಿಂದ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿ. ಪರಿಹಾರ ‘ವಿತರಿಸಲಾಯಿತು’ ಎಂಬ ಮಾತಿಗೆ ಚೆಕ್ಕಿನ ಮೊತ್ತ, ಉಳಿದದ್ದು ಯಾವಾಗ, ಯಾವ ಆದೇಶದ ಪ್ರಕಾರ ಎಂಬುದು ಸೇರಬೇಕು. ಕುಟುಂಬಕ್ಕೆ ಸುದ್ದಿ ಮುಟ್ಟಿದೆಯೆಂದು ಖಚಿತವಾಗುವವರೆಗೆ ಹೆಸರು, ಚಿತ್ರ ಯಾವ ಗ್ರೂಪಿಗೂ ಹೋಗಬಾರದು. ಯಾರೋ ಮೊದಲು ಹಾಕಿಬಿಡುತ್ತಾರೆ ಎಂಬ ಆತುರಕ್ಕೆ ಇಲ್ಲಿ ಜಾಗವೇ ಇಲ್ಲ.

ಆನೆ ರಸ್ತೆ ದಾಟುವ ನೇರ ದೃಶ್ಯಕ್ಕೂ ಇದೇ ಎಚ್ಚರ ಬೇಕು. ಜನ ದೂರ ಸರಿಯಲಿ ಎಂದು ಹಾಕಿದ ಪೋಸ್ಟ್ ಜನರನ್ನೇ ಅಲ್ಲಿಗೆ ಎಳೆದುಕೊಂಡು ಬರಬಹುದು. ‘ಈ ರಸ್ತೆಯಲ್ಲಿ ಒಂಬತ್ತು ಗಂಟೆವರೆಗೆ ಬರಬೇಡಿ’ ಎಂಬ ಒಂದು ಸಾಲು ಇಪ್ಪತ್ತು ಸೆಕೆಂಡಿನ ವಿಡಿಯೊಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕಾಫಿ ದರದ ಸುದ್ದಿಗೆ ಗಣಿತ ಬೇಕು, ಹೆದರುವಷ್ಟು ದೊಡ್ಡದೇನಲ್ಲ. ‘ಕಾಫಿ ಬೆಲೆ ಗಗನಕ್ಕೆ’ ಎಂದರೆ ಯಾವ ಕಾಫಿ? ರೊಬಸ್ಟಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ಅರೇಬಿಕಾ ಪಾರ್ಚ್‌ಮೆಂಟ್ ನಾಲ್ಕಕ್ಕೂ ಬೇರೆ ಬೇರೆ ದರ, 50 ಕೆ.ಜಿ. ಚೀಲದ ಲೆಕ್ಕದಲ್ಲಿ. ಚೆರಿಯಾದರೆ ಔಟ್‌ಟರ್ನ್ ಕೇಳಬೇಕು, ಅಂದರೆ ಒಂದು ಚೀಲ ಒಣ ಚೆರಿಯನ್ನು ಸಿಪ್ಪೆ ತೆಗೆಸಿದರೆ ಎಷ್ಟು ಕೆ.ಜಿ. ಶುದ್ಧ ಬೀಜ ಸಿಗುತ್ತದೆ. ಲಂಡನ್‌ನಲ್ಲಿ ರೊಬಸ್ಟಾ ದರ ಟನ್ನಿಗೆ ಇಷ್ಟು ಡಾಲರ್ ಎಂದು, ನ್ಯೂಯಾರ್ಕಿನಲ್ಲಿ ಅರೇಬಿಕಾ ದರ ಪೌಂಡಿಗೆ ಇಷ್ಟು ಸೆಂಟ್ ಎಂದು ಬರುತ್ತದೆ. 2024ರಲ್ಲಿ ಲಂಡನ್ ದರ ಟನ್ನಿಗೆ 5,000 ಡಾಲರ್ ದಾಟಿತು. ಆ 5,000ವನ್ನೇ ಹಿಡಿದು ಲೆಕ್ಕ ಮಾಡಿ: ಕೆ.ಜಿ.ಗೆ ಐದು ಡಾಲರ್. ಔಟ್‌ಟರ್ನ್ 26 ಇರುವ ಚೀಲದಲ್ಲಿ 26 ಕೆ.ಜಿ. ಬೀಜ, 130 ಡಾಲರ್. ಅದನ್ನು ಆ ದಿನದ ವಿನಿಮಯ ದರದಿಂದ ಗುಣಿಸಿ, ಪೇಟೆಯ ವ್ಯಾಪಾರಿ ಹೇಳುವ ದರದ ಪಕ್ಕದಲ್ಲಿಡಿ. ಎರಡರ ನಡುವಿನ ಅಂತರ ಸಾಗಣೆಗೆ ಹೋಯಿತೋ, ಗುಣಮಟ್ಟಕ್ಕೆ ಹೋಯಿತೋ, ಇನ್ನಾವುದಕ್ಕೆ ಹೋಯಿತೋ ಎಂದು ಕೇಳಲು ನಿಮಗೆ ಈಗ ಒಂದು ಪ್ರಶ್ನೆ ಸಿಕ್ಕಿತು. ದರ ಯಾವ ಗಂಟೆಯದು, ಎಷ್ಟು ವ್ಯಾಪಾರಿಗಳನ್ನು ಕೇಳಿದ್ದು ಎಂಬುದೂ ಸುದ್ದಿಯಲ್ಲೇ ಇರಲಿ.

ಹೆಸರುಗಳ ವಿಷಯದಲ್ಲಿ ಕೊಡಗು ಕಟ್ಟುನಿಟ್ಟು ಕಲಿಸುತ್ತದೆ. ಕೊಡವರ ಹೆಸರಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬರುತ್ತದೆ. ಕೆ.ಎಂ. ಕಾರ್ಯಪ್ಪ ಎಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಎಂಬುದು ಒಕ್ಕ. ಒಂದು ಅಕ್ಷರ ತಪ್ಪಿದರೆ ಇನ್ನೊಂದು ಮನೆಯವರಾಗಿಬಿಡುತ್ತಾರೆ. ಮಲಯಾಳಂ, ತಮಿಳು, ಅಸ್ಸಾಮಿ ಹೆಸರುಗಳನ್ನು ಕೇಳಿದ ಕಿವಿಯಿಂದ ನೇರವಾಗಿ ಬರೆಯಬೇಡಿ. ಪುಸ್ತಕ ಅವರ ಕೈಗೇ ಕೊಟ್ಟು ಬರೆಸಿಕೊಳ್ಳಿ, ಬರೆಯಲು ಬಾರದವರಾದರೆ ಗುರುತಿನ ಚೀಟಿ ನೋಡಿ, ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಹೊರರಾಜ್ಯದಿಂದ ಬಂದ ಎಲ್ಲರನ್ನೂ ‘ಅಸ್ಸಾಂನವರು’ ಎಂದು ಒಂದೇ ಸಾಲಿಗೆ ಸೇರಿಸುವುದು, ಅದಕ್ಕೂ ಮುಂದೆ ಹೋಗಿ ಯಾವ ದಾಖಲೆಯೂ ಇಲ್ಲದೆ ಹೊರದೇಶದವರೆಂದು ಬರೆಯುವುದು ಅನ್ಯಾಯ. ಆ ಒಂದು ವಾಕ್ಯದಿಂದ ಒಬ್ಬ ಮನುಷ್ಯನ ಬಾಡಿಗೆ ಮನೆಯೂ ಕೆಲಸವೂ ಒಂದೇ ದಿನ ಹೋಗಬಹುದು.

ಕಾನೂನು ಗೊತ್ತಿರಲೇಬೇಕಾದ ಜಾಗವೂ ಇದೇ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು ಮಾತ್ರವಲ್ಲ, ವಿಳಾಸ, ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಬಹಿರಂಗಪಡಿಸಬಾರದೆಂದು ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ವಯಸ್ಕ ಸಂತ್ರಸ್ತೆಯ ಗುರುತನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಕಾಪಾಡುತ್ತದೆ. ಬೆಂಗಳೂರಿನಲ್ಲಿ ಬಡಾವಣೆಯ ಹೆಸರು ಬರೆದರೆ ಲಕ್ಷ ಜನರ ನಡುವೆ ಮಗು ಮರೆಯಾದೀತು. ಇಲ್ಲಿ ತೋಟದ ಹೆಸರು ಬರೆದರೆ ಹನ್ನೆರಡು ಲೈನ್‌ಮನೆ, ಆರೋಪಿ ‘ಪಕ್ಕದ ಮನೆಯವ’ ಎಂದು ಸೇರಿಸಿದರೆ ಒಂದೇ ಮನೆ. ಸಣ್ಣ ಊರಿನ ವರದಿಗಾರ ಕಾನೂನು ಬೇಡುವುದಕ್ಕಿಂತ ಹೆಚ್ಚು ಅಳಿಸಬೇಕಾಗುತ್ತದೆ.

ಕಾಗದ ಮತ್ತು ಕಾಪಿ

ಗ್ರಾಮಸಭೆಗೆ ಹೋಗುವ ವರದಿಗಾರರಲ್ಲಿ ಹೆಚ್ಚಿನವರು ಪ್ರತಿಕ್ರಿಯೆಗಳನ್ನಷ್ಟೇ ತರುತ್ತಾರೆ, ಕಾಗದ ತರುವುದಿಲ್ಲ. ಹಿಂದಿನ ಸಭೆಯ ನಡಾವಳಿ, ಕ್ರಿಯಾ ಯೋಜನೆ, ಖರ್ಚಿನ ಪಟ್ಟಿ, ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯ ಲೆಕ್ಕ, ಇವನ್ನು ಕೇಳಿ ಪಡೆದು ಓದಿ. ಕಸ ವಿಲೇವಾರಿಗೆ ಜಾಗ ಹುಡುಕುತ್ತಿದ್ದೇವೆ ಎಂದು ಸಭೆಯಲ್ಲಿ ಕೇಳಿದರೆ, ಹಿಂದಿನ ಮೂರು ನಡಾವಳಿಗಳಲ್ಲಿ ಅದೇ ಮಾತು ಇದೆಯೇ ಎಂದು ನೋಡಿದವರ ಬಳಿ ಮಾತ್ರ ಸುದ್ದಿ ಇರುತ್ತದೆ. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ: 10 ರೂಪಾಯಿ ಶುಲ್ಕ, 30 ದಿನ, ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ ಕೆಲಸ ಆಗಿಲ್ಲ’ ಎಂದು ಕೇಳಿದರೆ ಅರ್ಜಿ ವ್ಯರ್ಥ. ಇಂಥ ಕಾಮಗಾರಿಯ ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲಿನ ನಕಲು ಕೊಡಿ ಎಂದು ಕೇಳಬೇಕು. ಪೊಲೀಸ್ ಪ್ರಕರಣವಾದರೆ ಎಫ್‌ಐಆರ್ ಓದಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಅದರಲ್ಲಿರುವುದು ಆರೋಪ ಎಂಬುದು ನಿಮ್ಮ ಕ್ರಿಯಾಪದಗಳಲ್ಲಿ ಕಾಣಬೇಕು.

ಇಷ್ಟೆಲ್ಲ ತಂದ ಮೇಲೆ ಬರವಣಿಗೆ. ‘ಇಲ್ಲಿನ ಗ್ರಾಮ ಪಂಚಾಯಿತಿ ಸಭಾಂಗಣದಲ್ಲಿ ಅಧ್ಯಕ್ಷರ ಅಧ್ಯಕ್ಷತೆಯಲ್ಲಿ ನಡೆದ ಸಾಮಾನ್ಯ ಸಭೆಯಲ್ಲಿ ವಿವಿಧ ವಿಷಯಗಳ ಬಗ್ಗೆ ಚರ್ಚಿಸಲಾಯಿತು.’ ಈ ವಾಕ್ಯವನ್ನು ಎಲ್ಲರೂ ಬರೆದಿದ್ದಾರೆ, ಯಾರೂ ಓದಿಲ್ಲ. ಅದೇ ಸಭೆಯಲ್ಲಿ ಒಂದು ಕಾಲೊನಿಗೆ ದಿನ ಬಿಟ್ಟು ದಿನ ಟ್ಯಾಂಕರ್ ನೀರು ಕೊಡುವ ತೀರ್ಮಾನವಾಗಿದ್ದರೆ, ಯಾವ ಕಾಲೊನಿಗೆ, ಯಾವ ದಿನದಿಂದ, ಬರದಿದ್ದರೆ ಯಾರನ್ನು ಕೇಳಬೇಕು ಎಂಬುದೇ ಮೊದಲ ವಾಕ್ಯ. ಅಧ್ಯಕ್ಷತೆ ಕೊನೆಗಿರಲಿ. ಪುಟದಲ್ಲಿ ಜಾಗ ಸಾಲದಾಗ ಡೆಸ್ಕ್‌ನವರು ಕತ್ತರಿಸುವುದು ಕೆಳಗಿನಿಂದ. ಫೋನಿನಲ್ಲಿ ಓದುವವರೂ ಮೇಲಿನ ಎರಡು ಸಾಲು ನೋಡಿ ಮುಂದೆ ಹೋಗುತ್ತಾರೆ. ಮುದ್ರಣವೂ ಆನ್‌ಲೈನೂ ಈ ವಿಷಯದಲ್ಲಿ ಒಂದೇ.

ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯ ಒಳ್ಳೆಯದು, ಆದರೆ ನೆಲ್ಯಹುದಿಕೇರಿ, ಚೆನ್ನಯ್ಯನಕೋಟೆಯಂಥ ಹೆಸರುಗಳಲ್ಲಿ ಅದು ಎಡವುತ್ತದೆ. ‘ನುಡಿ’ ತಂತ್ರಾಂಶದ ಬರಹವನ್ನು ಯೂನಿಕೋಡ್‌ಗೆ ಬದಲಿಸಿದಾಗ ಒತ್ತಕ್ಷರ ಕಳಚುವುದೂ ಉಂಟು. ಕಳಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ. ಚಿತ್ರಕ್ಕೆ ಹತ್ತಿರದ್ದೊಂದು, ಊರಿನ ಗುರುತು ಕಾಣುವ ದೂರದ್ದೊಂದು ಇರಲಿ, ಅಡಿಬರಹದಲ್ಲಿ ಎಡದಿಂದ ಬಲಕ್ಕೆ ಹೆಸರುಗಳು.

ಹಣದ ಮಾತನ್ನು ಹಿರಿಯರು ಹೊಸಬರಿಗೆ ಹೇಳುವುದೇ ಇಲ್ಲ, ಅದು ನನಗೆ ನೋವಿನ ಸಂಗತಿ. ಹೋಬಳಿ ಮಟ್ಟದ ಬಿಡಿ ವರದಿಗಾರರಲ್ಲಿ ಹೆಚ್ಚಿನವರಿಗೆ ಸಂಬಳವಿಲ್ಲ, ಸಿಗುವ ಗೌರವಧನ ಪೆಟ್ರೋಲಿಗೆ ಸಾಲದು. ಹಬ್ಬದ ವಿಶೇಷ ಪುಟಕ್ಕೆ ಜಾಹೀರಾತು ತರಬೇಕೆಂದೂ ಕೆಲವೆಡೆ ಹೇಳುತ್ತಾರೆ. ಬೆಳಿಗ್ಗೆ ಜಾಹೀರಾತು ಕೇಳಿದ ಗುತ್ತಿಗೆದಾರರ ರಸ್ತೆ ಸಂಜೆ ಕಿತ್ತುಹೋದರೆ ನೀವು ಬರೆಯಬಲ್ಲಿರಾ? ಆದ್ದರಿಂದ ಸೇರುವ ದಿನವೇ ಕೇಳಿ: ನೇಮಕದ ಪತ್ರ, ಗುರುತಿನ ಚೀಟಿ ಕೊಡುತ್ತೀರಾ, ವರದಿಗೆ ಎಷ್ಟು, ಚಿತ್ರಕ್ಕೆ ಎಷ್ಟು, ನೆರೆಯಲ್ಲಿ ಕೆಲಸ ಮಾಡುವಾಗ ವಿಮೆ ಇದೆಯೇ, ಜಾಹೀರಾತು ನನ್ನ ಕೆಲಸವೇ? ಸ್ವಂತ ಯೂಟ್ಯೂಬ್ ಚಾನೆಲ್ ನಡೆಸುವವರಿಗೆ ಇನ್ನೂ ಒಂದು ಪ್ರಶ್ನೆ ಇದೆ: ಹಣ ಕೊಟ್ಟು ಮಾಡಿಸಿದ ವಿಡಿಯೊದಲ್ಲಿ ‘ಜಾಹೀರಾತು’ ಎಂದು ದೊಡ್ಡದಾಗಿ ಬರೆಯುತ್ತೀರಾ? ಬೇರೆ ಸಂಪಾದನೆ ಇಟ್ಟುಕೊಂಡು ವರದಿ ಮಾಡುವುದರಲ್ಲಿ ಅವಮಾನವಿಲ್ಲ. ತೋಟ ನೋಡಿಕೊಂಡು, ಅಂಗಡಿ ನಡೆಸಿಕೊಂಡು ವರ್ಷಗಟ್ಟಲೆ ಊರಿನ ಸುದ್ದಿ ಕಳಿಸಿದವರಿಂದಲೇ ನಮ್ಮ ಜಿಲ್ಲಾ ಪುಟಗಳು ತುಂಬಿವೆ.

ಇನ್ನು ತಿದ್ದುಪಡಿ. ಅಚ್ಚಾದ ತಪ್ಪನ್ನು ಮರುದಿನ ಒಳಪುಟದ ಮೂಲೆಯಲ್ಲಿ ಸರಿಪಡಿಸುವ ಪದ್ಧತಿ ಹಳೆಯದು. ಆನ್‌ಲೈನ್‌ನಲ್ಲಿ ಸದ್ದಿಲ್ಲದೆ ಅಳಿಸಿ ಬದಲಿಸುವ ಚಾಳಿ ಬಂದಿದೆ, ಅದರಿಂದ ತಪ್ಪು ಓದಿದವರಿಗೆ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಪಾರ್ಚ್‌ಮೆಂಟ್ ದರವನ್ನು ಚೆರಿ ದರವೆಂದು ಹಾಕಿದ್ದರೆ, ಅದನ್ನು ನಂಬಿ ಒಬ್ಬರು ವ್ಯಾಪಾರಿಯೊಡನೆ ಜಗಳವಾಡಿರಬಹುದು, ಇನ್ನೊಬ್ಬರು ಜೀಪಿಗೆ ಚೀಲ ಏರಿಸಿರಬಹುದು. ಅದೇ ಪೋಸ್ಟಿನ ಮೇಲ್ಭಾಗದಲ್ಲಿ ಹೀಗೆ ಬರೆಯಿರಿ: ‘9.40ಕ್ಕೆ ಪ್ರಕಟವಾದ ವರದಿಯಲ್ಲಿ ರೊಬಸ್ಟಾ ಪಾರ್ಚ್‌ಮೆಂಟ್ ದರವನ್ನು ಚೆರಿ ದರವೆಂದು ತಪ್ಪಾಗಿ ನೀಡಲಾಗಿತ್ತು. 11.15ಕ್ಕೆ ಸರಿಪಡಿಸಲಾಗಿದೆ.’ ಸರಿಯಾದ ಅಂಕಿಯನ್ನು ತಲೆಬರಹದಲ್ಲೇ ಕೊಡಿ. ತಪ್ಪು ಹೋದ ಪ್ರತಿಯೊಂದು ಗ್ರೂಪಿಗೂ ಅದನ್ನು ನೀವೇ ಕಳಿಸಿ, ಹಳೆಯ ಸಂದೇಶವನ್ನು ಮುಂದಕ್ಕೆ ಹಂಚಿದವರು ಯಾರೆಂದು ಗೊತ್ತಿದ್ದರೆ ಅವರಿಗೂ ಒಂದು ಕರೆ ಮಾಡಿ.